ಒಬ್ಬರೇ ನೋಡುವ ಲೈವ್

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಮಣಿ ತೋರಣ, ಕಸೂತಿ ಚೀಲ ಮಾಡಿ ಇನ್‌ಸ್ಟಾಗ್ರಾಮಿನಲ್ಲಿ ಮಾರುತ್ತಿದ್ದರು. ದಿನಾ ಸಂಜೆ ನಾಲ್ಕಕ್ಕೆ ಲೈವ್ ಬರುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಒಮ್ಮೆ ಸೀನಿ, ಮನೆಗೆ ಬಂದವರನ್ನು ಕರೆಯುವಂತೆ, "ಬರ್ರಿ, ಕುಂದ್ರಿ, ಚಾ ಆತೇನ್ರಿ?" ಎನ್ನುವರು. ನೋಡುವವರು ಒಬ್ಬರೇ ಎಂದು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಆ ಒಬ್ಬಳು ನಾನೇ. ಎದುರಿಗೆ ಹೊಗಳುವುದು ನನಗೆ ಬಾರದು. ಬೇರೆ ಹೆಸರಿನಲ್ಲಿ ನೋಡುತ್ತಿದ್ದೆ, ಅವರಿಗೆ ಹೇಳಿರಲಿಲ್ಲ.

ಒಂದು ದಿನ ಜ್ವರ ಬಂದು ಫೋನ್ ಮುಟ್ಟದೆ ಮಲಗಿದ್ದೆ. ಗೋಡೆಯಾಚೆ "ಬರ್ರಿ, ಕುಂದ್ರಿ" ಕೇಳಿಸಿತು. ಆಮೇಲೆ ಮಾತೇ ಇಲ್ಲ. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಬಡಿದರು. ಅರ್ಧ ಪೋಣಿಸಿದ ತೋರಣ ಇನ್ನೂ ಅವರ ಕೈಯಲ್ಲೇ ಇತ್ತು.

"ಯಾಕ್ರಿ ಅಕ್ಕಾರ, ಇವತ್ತ ಯಾರೂ ಬಂದಿಲ್ಲಲ್ರಿ. ಆರಾಮಿಲ್ಲೇನ್ರಿ?"