ಸುಂಕಪ್ಪ ಸೇಠರ ಬೆಂಚು

ರಾಯಚೂರಿನ ತೊಗಲಿನ ವ್ಯಾಪಾರಿ ಸುಂಕಪ್ಪ ಸೇಠರ ಹತ್ತಿರ ನೀವು ಏನು ದಾನ ಕೇಳಿದರೂ ಸಿಗುವುದು ಬೆಂಚು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಈಗಿನ ಮಹಾಯುದ್ಧದಲ್ಲಿ ಸಿಪಾಯಿಗಳ ಬೂಟಿಗೆ ತೊಗಲು ಕಳಿಸಿ ಶ್ರೀಮಂತರಾದವರು. ದೇವದುರ್ಗದವರು ಬಾವಿಗೆ ರಾಟೆ ಕೇಳಿದರು, ಬಂಡಿಯಲ್ಲಿ ಬೆಂಚು ಬಂತು. ಕವಿತಾಳದ ಮಾಸ್ತರರು ಶಾಲೆಗೆ ಛಾವಣಿ ಕೇಳಿದರು. ಮಳೆ ಬಂದರೆ ಹುಡುಗರು ಕೆಳಗೆ ನುಸುಳಲಿ ಎಂಬಂತೆ ಅಗಲವಾದ ಬೆಂಚು ಬಂತು. ನಿಜಾಮರ ರಾಜ್ಯದ ಗಡಿ ಎಲ್ಲಿದೆಯೋ ನಾನರಿಯೆ. ಸೇಠರ ಬೆಂಚು ಕಾಣದಾದರೆ ರಾಯಚೂರು ಜಿಲ್ಲೆ ದಾಟಿತೆಂದೇ ತಿಳಿಯಬೇಕು. ಬೆಂಚಿನ ಹಿಂದೆಯೇ ಶೇರವಾನಿ ತೊಟ್ಟು ತಾವೂ ಬರುತ್ತಾರೆ, ಅದರ ಕಾಲು ಹಿಡಿದು ಅಲ್ಲಾಡಿಸಿ ನೋಡುತ್ತಾರೆ, "ಸಾಗವಾನಿ ಅದರೀ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ" ಎನ್ನುತ್ತಾರೆ. ಅಂಗಡಿಗೆ ಹಸಿ ತೊಗಲು ಹೊತ್ತು ತಂದವನಿಗೂ ಅವರ ಮೊದಲ ಮಾತು, "ಬಾ ಯಪ್ಪಾ, ಮೊದಲ ಕೂಡು, ಆಮ್ಯಾಲ ವ್ಯಾಪಾರ." ಈ ಬೆಂಚಿನ ಹುಚ್ಚು ಇವರಿಗೆ ಎಲ್ಲಿಂದ ಹತ್ತಿತೋ ಎಂದು ನನಗೆ ಕುತೂಹಲ. ಮೊನ್ನೆ ಮಾನ್ವಿ ಸಂತೆಯ ಬೇವಿನ ಮರದ ಹತ್ತಿರ ಸಿಕ್ಕರು. ಮರದ ನೆರಳಿನಲ್ಲಿ, ಅವರೇ ಕೊಟ್ಟ ಬೆಂಚಿನ ಮೇಲೆ ಊರಿನ ದೊಡ್ಡವರು ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರು. ತುದಿಯಲ್ಲಿ ಒಬ್ಬರಿಗೆ ಜಾಗವಿತ್ತು. ಸೇಠರು ಬಿಸಿಲಿಗೆ ನಿಂತು, ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಭಾರ ಬಿಡುತ್ತ, ಬೆಂಚನ್ನೇ ಅಭಿಮಾನದಿಂದ ನೋಡುತ್ತಿದ್ದರು. "ನೀವೂ ಕೂಡ್ರಿ ಸೇಠ್ರ" ಎಂದೆ. ಅವರು ದನಿ ತಗ್ಗಿಸಿದರು: "ನಾ ಕುಂತ್ರ ಅವರೆಲ್ಲಾ ಎದ್ದು ಹೋಗ್ತಾರ್ರೀ. ಇಷ್ಟು ಛಲೋ ಬೆಂಚು ಖಾಲಿ ಬೀಳ್ತದ."