ಕುಬಸದ ದಿನ ಬಂದ ಗೊಬ್ಬರ

ನನ್ನ ಚೊಚ್ಚಲ ಬಸುರಿನ ಕುಬಸಕ್ಕೆ ತವರಿನಿಂದ ಹಸಿರು ಸೀರೆ ಬಂತು, ಹಸಿರು ಬಳೆ ಬಂದವು, ಬುಟ್ಟಿಗಟ್ಟಲೆ ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಟಕ ರೊಟ್ಟಿ ಬಂದವು. ಅವುಗಳ ಹಿಂದೆಯೇ ಒಂದು ಟ್ರೇಲರ್ ಗೊಬ್ಬರವೂ ಬಂತು. ಬಸುರಿ ಮಗಳಿಗೆ ಗೊಬ್ಬರದ ಕಾಣಿಕೆ ತಂದ ಅಪ್ಪ ಹಾವೇರಿ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಈಗ ಇದನ್ನು ಹೇಳಿದರೆ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಅವರ ಜೊತೆ ನಗಲು ಶುರುಮಾಡುತ್ತೇನೆ, ಆದರೆ ಆ ನಗು ಪೂರ್ತಿ ಆಗುವುದಿಲ್ಲ.

ಅಪ್ಪ ಹಾವೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಅವನ ಜೊತೆಯ ಮಾಸ್ತರರು ನಿವೃತ್ತಿಯಾದ ಮೇಲೆ ಭಜನೆಗೆ ಹೋದರು, ಇಸ್ಪೀಟಿಗೆ ಹೋದರು. ಇವನು ಕೆರೆಗೆ ಹೋದ. ನಮ್ಮ ಓಣಿಯ ಆಚೆಗಿದ್ದ ಕೆರೆಯನ್ನು ಎಂಬತ್ತರ ದಶಕದ ಆ ವರ್ಷಗಳಲ್ಲಿ ಅಂತರಗಂಗೆ ಕಳೆ ತುಂಬಿಕೊಂಡಿತ್ತು. ದುಂಡನೆಯ ಎಲೆ, ಗಾಳಿ ತುಂಬಿ ಉಬ್ಬಿದ ದೇಟು, ನೀರೊಳಗೆ ಜೋತಾಡುವ ಕಪ್ಪು ಬೇರು, ಮೇಲೆ ತಿಳಿ ನೇರಳೆ ಬಣ್ಣದ ಹೂಗೊಂಚಲು. ನೋಡಲು ಬಲು ಚೆಂದ. ಆದರೆ ಒಂದು ಗಿಡ ನೀರಿಗೆ ಬಿದ್ದರೆ ಸಾಕು, ನೋಡನೋಡುತ್ತಿದ್ದಂತೆ ನೀರೇ ಮಾಯ. ಈ ಕಳೆಯಿಂದ ಒಳ್ಳೆಯ ಗೊಬ್ಬರ ಆಗುತ್ತದೆ ಎಂದು ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಯಾರೋ ಹೇಳಿದ್ದೇ ತಡ, ಅಪ್ಪ ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಕಳೆಯನ್ನು ಎಳೆದು ದಂಡೆಗೆ ಹಾಕುವುದು, ಬೇರು ಮೇಲೆ ಮಾಡಿ ಗರಿಗರಿಯಾಗುವ ತನಕ ಒಣಗಿಸುವುದು, ಆಮೇಲೆ ಕತ್ತರಿಸಿ ಹಿತ್ತಲಿನ ಗುಂಡಿಗೆ ತುಂಬುವುದು. ಒಂದು ಪದರ ಕಳೆ, ಅದರ ಮೇಲೆ ಸಗಣಿ, ಅದರ ಮೇಲೆ ಬೂದಿ, ಮಣ್ಣು. ಮೊದಲಿನ ಗುಂಡಿಗಳು ಕೆಟ್ಟು ನಾರುತ್ತಿದ್ದವು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವ್ವ ಊದುಬತ್ತಿಯ ಪೊಟ್ಟಣವನ್ನೇ ಖಾಲಿ ಮಾಡಿದ್ದಳು. ಓಣಿಯಲ್ಲಿ ಅಪ್ಪನಿಗೆ ಕಸದ ಮಾಸ್ತರ ಎಂಬ ಹೆಸರು ಬಿದ್ದಿತ್ತು. ಅದನ್ನು ಕೇಳಿದರೆ ಅವನು ಹಲ್ಲು ಕಿರಿಯುತ್ತಿದ್ದ, ನಾನು ತಲೆ ತಗ್ಗಿಸಿ ಬೇರೆ ಓಣಿ ಹಿಡಿಯುತ್ತಿದ್ದೆ.

ನನ್ನನ್ನು ಕೊಟ್ಟದ್ದು ಬ್ಯಾಡಗಿ ಕಡೆಯ ಒಂದು ಹಳ್ಳಿಗೆ. ಮೆಣಸಿನಕಾಯಿ ಬೆಳೆಯುವ ಮನೆ, ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಮನೆ. ಅತ್ತೆ ಕಡಿಮೆ ಮಾತಿನವರು. ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ನೋಡಿಯೇ ಇರಲಿಲ್ಲ. ಸೊಸೆಯಾದವಳು ತವರಿನ ಮಾನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ ಎಂದು ನಮ್ಮಲ್ಲಿ ತಿಳಿಯುತ್ತಾರೆ. ನನ್ನ ಸೆರಗಿನಲ್ಲಿ ಇದ್ದದ್ದು ಅಂತರಗಂಗೆಯ ವಾಸನೆ. ಅದು ಯಾರಿಗೂ ಗೊತ್ತಾಗದಿರಲಿ ಎಂದು ಒಂದೂವರೆ ವರ್ಷ ಜೀವ ಕೈಯಲ್ಲಿ ಹಿಡಿದಿದ್ದೆ. ಅಪ್ಪ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಆರಾಮ ಇದ್ದಾನೆ ಎಂದಷ್ಟೇ ಹೇಳುತ್ತಿದ್ದೆ.

ಕುಬಸದ ದಿನ ಅದೆಲ್ಲ ಬಟಾಬಯಲಾಯಿತು. ಗಂಡನ ಊರಿನ ಟ್ರ್ಯಾಕ್ಟರ್ ಒಂದು ಹಾವೇರಿಗೆ ಕಾಳು ಹೇರಿಕೊಂಡು ಹೋಗಿದ್ದು ಖಾಲಿ ತಿರುಗುವುದಿತ್ತಂತೆ. ಅಪ್ಪ ಅದಕ್ಕೆ ಗೊಬ್ಬರ ತುಂಬಿಸಿ, ಡ್ರೈವರನ ಪಕ್ಕದಲ್ಲಿ ತಾನೇ ಕುಳಿತು, ಜರಿಯ ಶಲ್ಯ ಹೊದ್ದುಕೊಂಡು ಬಂದಿಳಿದ. ಬೀಗರ ಮನೆಗೆ ಒಯ್ಯುವ ಬುಟ್ಟಿ ಬೋಳಾಗಿರಬಾರದು, ಮೇಲೆ ಎಲೆಯೋ ಹೂವೋ ಇರಬೇಕು. ಅಪ್ಪ ಆ ಪದ್ಧತಿಯನ್ನೂ ಬಿಟ್ಟಿರಲಿಲ್ಲ. ಗೊಬ್ಬರದ ರಾಶಿಯ ನೆತ್ತಿಯ ಮೇಲೆ ಹೂಬಿಟ್ಟ ಅಂತರಗಂಗೆಯ ಗಿಡಗಳನ್ನು ಒಪ್ಪವಾಗಿ ಜೋಡಿಸಿದ್ದ. ದಾರಿಯಲ್ಲಿ ಬಾಡಬಾರದೆಂದು ಬೇರು ಸಮೇತ ತಂದು, ಬೇರಿಗೆ ಒದ್ದೆ ಗೋಣಿತಟ್ಟು ಸುತ್ತಿದ್ದ.

ಅಂಗಳದ ತುಂಬ ಹೆಂಗಸರು. ಹಾಡು ಅಲ್ಲಿಗೇ ನಿಂತಿತು. ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ ಊರ ಹಿರಿಯರೊಬ್ಬರು, ಬಾಯಿ ಬಲು ಹರಿತವಾದ ಮನುಷ್ಯ, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು:

"ಏನ್ರೀ ಮಾಸ್ತರ, ನಮ್ಮೂರ ತಿಪ್ಪಿ ಎಲ್ಲಾ ಬರಿದಾಗ್ಯಾವಂತ ಯಾರರ ಹೇಳಿ ಕಳಿಸಿದ್ರೇನು?"

ಎಲ್ಲರೂ ನಕ್ಕರು. ಅಪ್ಪನಿಗೆ ಅದು ಚೇಷ್ಟೆ ಎಂದು ತಿಳಿಯಲೇ ಇಲ್ಲ. ಕ್ಲಾಸಿನಲ್ಲಿ ಪಾಠ ಹೇಳುವವನಂತೆ ಒಂದು ಹಿಡಿ ಗೊಬ್ಬರ ಎತ್ತಿಕೊಂಡು ಹೆಂಗಸರ ಮುಂದೆಯೇ ಹಿಡಿದ.

"ಮೂಸಿ ನೋಡ್ರಿ. ಹೊಲಸು ವಾಸನಿ ಬರೂದಿಲ್ಲ. ಮಳಿ ಬಿದ್ದ ಮಣ್ಣಿನ ವಾಸನಿ ಬರತೈತಿ. ಮೆಣಸಿನಕಾಯಿಗೆ ಹಾಕಿ ನೋಡ್ರಿ, ಆಮ್ಯಾಲೆ ಹೇಳ್ರಿ!"

ಅವರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಮತ್ತಷ್ಟು ನಕ್ಕರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಹಸಿರು ಸೀರೆ ಉಟ್ಟುಕೊಂಡು, ಮುಡಿ ತುಂಬ ಹೂ ಮುಡಿದುಕೊಂಡು, ಅಡುಗೆಮನೆಗೆ ಓಡಿಹೋಗಿ ರೊಟ್ಟಿ ಬುಟ್ಟಿಗಳ ಸಂದಿಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಅತ್ತೆ ಅಡುಗೆಮನೆಗೆ ಒಮ್ಮೆ ಇಣುಕಿದರು. ಹಾಗೆಯೇ ತಿರುಗಿ ಅಂಗಳಕ್ಕೆ ಇಳಿದು, ಟ್ರೇಲರಿನ ಮೇಲಿದ್ದ ಗಿಡಗಳನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ಎಂಥಾ ಚಂದ ಹೂವ್ರಿ ಮಾಸ್ತರ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಒಯ್ದರು. ಮನೆಯ ಯಜಮಾನಿಯೇ ಹಾಗೆ ಮಾಡಿದ ಮೇಲೆ ಉಳಿದವರ ನಗು ಇಳಿಯಿತು. ಹಾಡು ಮತ್ತೆ ಶುರುವಾಯಿತು, ನನ್ನನ್ನು ಕರೆದು ಕೂಡಿಸಿ ಉಡಿ ತುಂಬಿದರು. ಆ ಹೂವಿನ ವಿಚಾರವನ್ನು ನಾನು ಆಮೇಲೆ ತಲೆಗೆ ಹಚ್ಚಿಕೊಳ್ಳಲಿಲ್ಲ.

ಮರುದಿನ ನಸುಕಿನಲ್ಲೇ ಬಾಣಂತನಕ್ಕೆಂದು ಅಪ್ಪ ಅವ್ವನ ಜೊತೆ ಹಾವೇರಿಗೆ ಹೊರಟೆ. ಬಸ್ಸಿನಲ್ಲಿ ಅಪ್ಪ ಹಿಂದಿನ ಸೀಟಿನಿಂದ ಬಾಗಿ ಕೇಳಿದ:

"ನಮ್ಮವ್ವಾ, ಗೊಬ್ಬರ ತಂದದ್ದು ನಿನಗ ಖುಷಿ ಆತಿಲ್ಲೋ? ನಾ ನನ್ನ ಕೈಲೆ ಮಾಡಿದ್ದು ಅಂದ್ರ ಅದೊಂದ ಐತಿ ನೋಡು."

"ಖುಷಿ ಆತಪ್ಪಾ," ಎಂದೆ. ಅವನು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಬಂದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಕೂಸನ್ನು ಎತ್ತಿಕೊಂಡು ಗಂಡನ ಊರಿಗೆ ತಿರುಗಿ ಬಂದಾಗ ಚಳಿಗಾಲ ಹಿಡಿದಿತ್ತು, ಮೆಣಸಿನಕಾಯಿ ಕೆಂಪಾಗುವ ಹೊತ್ತು. ಬ್ಯಾಡಗಿ ಪೇಟೆ ದಾಟುವಾಗ ಘಾಟಿಗೆ ಕೂಸು ಸೀನಿದ್ದೇ ಸೀನಿದ್ದು. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಬಸ್ಸು ಇಳಿದು ನೋಡಿದರೆ ಅದರ ಪಕ್ಕದಲ್ಲೇ ಇದ್ದ ಹೊಂಡ ಕಾಣಲಿಲ್ಲ. ಅದು ದನ ಮೈತೊಳೆಯುವ, ಹೆಂಗಸರು ಬಟ್ಟೆ ಒಗೆಯುವ ಹೊಂಡ. ಅದರ ಜಾಗದಲ್ಲಿ ಯಾರೋ ಹಸಿರು ಪೈರು ಹಾಕಿದ್ದಾರೆ ಅನ್ನಿಸಿತು. ಎರಡು ಹೆಜ್ಜೆ ಮುಂದೆ ಹೋದಾಗ ನೇರಳೆ ಹೂ ಕಂಡವು. ಅಪ್ಪನ ಕೆರೆಯ ಅದೇ ಅಂತರಗಂಗೆ.

ಮೂಲೆಯಲ್ಲಿ ಅಂಗೈಯಗಲ ನೀರು ಬಿಡಿಸಿಕೊಂಡು ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ತಲೆ ಎತ್ತಿದಳು.

"ಬಾರವ್ವಾ. ನಿಮ್ಮಪ್ಪನ ತ್ವಾಟ ನೋಡ್ಕೊಂತ ಬಾ."

ಮನೆಗೆ ಬಂದ ಮೇಲೆ ಗಂಡ ಎಲ್ಲವನ್ನೂ ಹೇಳಿದರು. ನಮ್ಮ ಹೊಲ ಹೊಂಡಕ್ಕಿಂತ ಎತ್ತರದಲ್ಲಿದೆ. ಅಲ್ಲಿಗೆ ಹಾಕಿದ ಮಾಸ್ತರರ ಗೊಬ್ಬರ ಮಳೆಗೆ ಕೊಚ್ಚಿಕೊಂಡು ಬಂದು ಹೊಂಡ ಸೇರಿತು, ಅದರಲ್ಲಿ ಕಳೆಯ ಜೀವ ಇನ್ನೂ ಉಳಿದಿತ್ತು ಎಂದು ಊರೇ ಮಾತಾಡುತ್ತಿತ್ತು. ಎಮ್ಮೆಗಳು ನೀರಿಗಿಳಿಯುತ್ತಿರಲಿಲ್ಲ, ಸಂಜೆಯಾದರೆ ಸೊಳ್ಳೆಗಳ ಕಾಟ. ಮಾಸ್ತರರನ್ನು ಅಗಸಿಯ ಬಳಿಯ ನ್ಯಾಯದ ಕಟ್ಟೆಗೆ ಕರೆಸಬೇಕು ಎಂದು ಹಿರಿಯರು ತೀರ್ಮಾನಿಸಿದ್ದರು. ಮಗಳನ್ನು ಕೊಟ್ಟ ಊರಿನಲ್ಲಿ ಕಟ್ಟೆಯ ಮುಂದೆ ನಿಲ್ಲುವುದೆಂದರೆ ಅದಕ್ಕಿಂತ ಕೆಳಗೆ ಇಳಿಯಲು ಇನ್ನು ಜಾಗವಿಲ್ಲ. ಒಮ್ಮೆ ಹಾಗೆ ನಿಂತರೆ ಅಪ್ಪ ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ನನ್ನ ಮುಖ ನೋಡಲಿಲ್ಲ. ನಮ್ಮ ತವರಿನ ಮೇಲೆ ಅವರಿಗೂ ಸಿಟ್ಟು ಬಂದಿದೆ ಅಂದುಕೊಂಡೆ.

ಹೇಳಿ ಕಳಿಸಿದ ಮರುದಿನವೇ ಅಪ್ಪ ಬಂದ. ಕಟ್ಟೆಯ ಮುಂದೆ ಟೋಪಿ ತೆಗೆದು ಕೈಮುಗಿದ.

"ಸರಿಯಾಗಿ ಕೊಳಿತಿರಲಿಕ್ಕಿಲ್ರಿ. ತಪ್ಪು ನಂದ."

ತನ್ನ ಗೊಬ್ಬರದಲ್ಲಿ ಐಬಿದೆ ಎಂದು ಅಪ್ಪ ಹೇಳಿದ್ದನ್ನು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. ಕುಬಸದ ದಿನ ತಿಪ್ಪೆಯ ಮಾತಾಡಿದ್ದ ಅದೇ ಹಿರಿಯರು ಎಲೆ ಅಡಿಕೆಯ ಚಂಚಿ ಬಿಚ್ಚುತ್ತ ಅಂದರು:

"ತಪ್ಪು ಒಪ್ಕೊಂಡ್ರ ನೀರು ಕಾಣತೈತೇನ್ರಿ ಮಾಸ್ತರ?"

ಅಪ್ಪ ಕಟ್ಟೆಯಿಂದ ನೇರ ಹೊಂಡದ ದಂಡೆಗೆ ನಡೆದ. ಚಪ್ಪಲಿ ಬಿಟ್ಟ, ಅಂಗಿ ಕಳೆದು ಮಡಚಿ ಅದರ ಮೇಲೆ ಟೋಪಿ ಇಟ್ಟ, ಹೊಂಡಕ್ಕೆ ಇಳಿದ. ಡಿಸೆಂಬರಿನ ತಣ್ಣನೆಯ ನೀರು ಎದೆಯ ತನಕ ಬಂತು. ಎರಡೂ ಕೈಯಿಂದ ಕಳೆಯನ್ನು ಬಾಚಿ ಎಳೆದು ದಂಡೆಗೆ ಎಸೆಯತೊಡಗಿದ. ಅವನ ಬಿಳಿ ಎದೆಗೂದಲಿಗೆ ಕಪ್ಪು ಬೇರು ಅಂಟಿಕೊಂಡಿದ್ದವು. ನೋಡಲಾರದೆ ನನ್ನ ಗಂಡನೂ ಇಳಿದರು. ಊರೆಲ್ಲ ದಂಡೆಯ ಮೇಲೆ ನಿಂತು ನೋಡುತ್ತಿತ್ತು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು ನಿಂತಿದ್ದೆ. ಅಪ್ಪನ ಮೇಲೆ ಮರುಕ ಬಂತು ಎಂದರೆ ಸುಳ್ಳಾಗುತ್ತದೆ. ನಾಚಿಕೆ, ಬರೀ ನಾಚಿಕೆ. ಇವನು ಬೇಗ ಮುಗಿಸಿ ಬಸ್ಸು ಹತ್ತಿ ಹೋದರೆ ಸಾಕು ಅನ್ನಿಸಿತ್ತು.

ಅಷ್ಟರಲ್ಲಿ ಮಂದಿ ಸರಿದು ದಾರಿ ಬಿಟ್ಟರು. ಅತ್ತೆ ಬಂದಿದ್ದರು. ಕಟ್ಟೆಯ ಗಂಡಸರ ಮುಂದೆ ಎಂದೂ ದನಿ ತೆಗೆಯದ ಹೆಂಗಸು ನೀರಿನ ಅಂಚಿಗೆ ಬಂದು ನಿಂತರು.

"ಮಾಸ್ತರ, ಮ್ಯಾಲೆ ಬರ್ರಿ. ಇದು ನಿಮ್ಮ ಗೊಬ್ಬರದಿಂದ ಬಂದದ್ದಲ್ಲ. ಕುಬಸದ ದಿನ ನೀವು ತಂದ ಹೂವು ನಾ ಜಗಲಿ ಮ್ಯಾಲೆ ದೇವರ ಮುಂದ ಇಟ್ಟಿದ್ದೆ. ಮರುದಿನ ಸಂಜೀಕ ನಾನ ತಂದು ಇಲ್ಲಿ ಬಿಟ್ಟೆ. ಊರ ಮಂದಿ ನಿಮಗ ಅನ್ನಾಕತ್ತಾಗ ಬಾಯಿ ತಗೀಲಿಲ್ಲ. ಅದು ನನ್ನ ತಪ್ಪು."

ಊರ ಮಂದಿ ಏನೆಂದಾರು? ದೇವರಿಗೆ ಏರಿಸಿದ ಹೂವನ್ನು ನಮ್ಮ ಕಡೆ ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಕಾಲಿಗೆ ಸಿಗಬಾರದೆಂದು ನೀರಿಗೇ ಬಿಡುತ್ತಾರೆ. ಕಟ್ಟೆಯ ಮೇಲಿದ್ದವರ ಮನೆ ಮನೆಯ ಹೂವೂ ಅದೇ ಹೊಂಡಕ್ಕೇ ಬೀಳುತ್ತಿತ್ತು. ಉಳಿದ ಹೂಗಳು ನೀರಲ್ಲಿ ಕೊಳೆತು ಹೋಗುತ್ತವೆ, ಅಪ್ಪ ತಂದ ಹೂವು ನೀರಲ್ಲಿ ಸಂಸಾರ ಹೂಡಿತ್ತು. ಹಿರಿಯರು ಚಂಚಿಯೊಳಗೆ ಇಲ್ಲದ ಅಡಿಕೆಯನ್ನು ಹುಡುಕುತ್ತ ಕುಳಿತರು.

ಅಪ್ಪ ನೀರಲ್ಲಿ ನಿಂತೇ ಕೇಳಿದ:

"ದೇವರ ಮುಂದ ಇಟ್ಟಿದ್ರೇನ್ರಿ ಅಕ್ಕಾರ?"

"ಹೌದ್ರಿ."

"ಬೇರು ಸಮೇತ ತಂದಾವ ನಾನ ಅಲ್ಲೇನ್ರಿ? ಕಲಿಸಾವಗ ಅಷ್ಟೂ ಗೊತ್ತಿರಬೇಕಿತ್ತು. ನಿಮ್ಮದೇನ ತಪ್ಪು?" ಎಂದವನೇ ಬೆನ್ನು ತಿರುಗಿಸಿ ಮತ್ತೆ ಕಳೆ ಎಳೆಯತೊಡಗಿದ. ಅವನ ಹೆಗಲು ಅಲುಗುತ್ತಿತ್ತು. ಅತ್ತೆ ದಂಡೆಯ ಮೇಲೆ ಕುಳಿತು, ಅವನು ಎಸೆದದ್ದನ್ನು ಒಂದೊಂದಾಗಿ ಬೇರು ಮೇಲೆ ಮಾಡಿ ಹರಡತೊಡಗಿದರು. ಅದನ್ನು ನೋಡಿ ಉಳಿದ ಹೆಂಗಸರು ಬಂದರು, ಹುಡುಗರು ನೀರಿಗಿಳಿದರು. ನಾನೂ ಕೂಸನ್ನು ಯಾರದೋ ಕೈಗೆ ಕೊಟ್ಟು ಕುಳಿತೆ.

ಸಂಜೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮೈತೊಳೆದುಕೊಂಡ ಅಪ್ಪ ಆಚೆ ಪಡಸಾಲೆಯಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದ. ಅವನು ಬಾಯಲ್ಲಿ ಮಾಡುತ್ತಿದ್ದ ಸದ್ದು, ಕೂಸಿನ ಕೇಕೆ ಎರಡೂ ಕೇಳುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಅವತ್ತು ಎಲ್ಲಾರೂ ನಗಾಕತ್ತಿದ್ರು. ನೀವ್ಯಾಕ ಆ ಕಳಿ ಒಯ್ದು ದೇವರ ಮುಂದ ಇಟ್ರಿ?"

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು.

"ನೀ ಇಲ್ಲೇ ಕುಂತು ಅಳಾಕತ್ತಿದ್ದೆಲ್ಲ ತಂಗಿ. ಬಸುರಿ ಹೆಂಗಸು, ತವರಿಂದ ಬಂದದ್ದು ನೋಡಿ ಅಳಬಾರದು. ದೇವರ ಮುಂದ ಇಟ್ರ ಯಾರೂ ನಗೂದಿಲ್ಲ, ನೀನೂ ಅಳೂದಿಲ್ಲ ಅಂತ ಇಟ್ಟೆ."

ಪಡಸಾಲೆಯಲ್ಲಿ ಅಪ್ಪನ ಸದ್ದು ನಿಂತಿತು. ಕೂಸು ಇನ್ನೂ ಆಡಿಸು ಎಂಬಂತೆ ಕುಂಯ್‌ಗುಡುತ್ತಿತ್ತು. ಬಸ್ಸಿನಲ್ಲಿ ಅವನಿಗೆ ಖುಷಿ ಆತು ಎಂದಿದ್ದ ನಾನು ಬಾಗಿಲಿನ ತನಕ ಹೋಗಿ ನಿಂತೆ, ಆಚೆ ದಾಟಲು ಕಾಲು ಬರಲಿಲ್ಲ. ಊಟಕ್ಕೆ ಕುಳಿತಾಗ ಅವನು ರೊಟ್ಟಿ ಮೆತ್ತಗಾಗಿದೆ ಎಂದ, ಕೂಸು ತನ್ನ ಅವ್ವನ ಹಾಗೆಯೇ ಇದೆ ಎಂದ. ಗೊಬ್ಬರದ ಮಾತು ಎತ್ತಲಿಲ್ಲ.

ಹೊಂಡದ ದಂಡೆಯಲ್ಲಿ ಒಣಗಿದ ಕಳೆಯನ್ನು ಗುಂಡಿಗೆ ತುಂಬುವ ಬಗೆಯನ್ನು ಊರವರಿಗೆ ಕಲಿಸಿದ್ದು ಅಪ್ಪನೇ. ಮುಂದಿನ ಹಂಗಾಮಿಗೆ ಆ ಗೊಬ್ಬರಕ್ಕಾಗಿ ಜಗಳಾಡುವಷ್ಟು ಬೇಡಿಕೆ ಬಂತು, ಎಲ್ಲರಿಗಿಂತ ಮೊದಲು ಚಕ್ಕಡಿ ಹೂಡಿಕೊಂಡು ಬಂದವರು ಕಟ್ಟೆಯ ಆ ಹಿರಿಯರು. ಗುತ್ತಲ, ರಾಣೆಬೆನ್ನೂರು ಕಡೆಯಿಂದಲೂ ಜನ ಅಪ್ಪನನ್ನು ಕರೆಯುತ್ತಿದ್ದರು. ಅವನು ಧೋತರ ಎತ್ತಿ ಕಟ್ಟಿ ಹೋಗುತ್ತಿದ್ದ.

ನಮ್ಮ ಮನೆಗೂ ಬರುವುದನ್ನು ಬಿಡಲಿಲ್ಲ. ಮೊಮ್ಮಗನ ಕೂದಲು ತೆಗೆಸುವ ಜವಳಕ್ಕೆ ಬಂದ, ಹಬ್ಬ ಹುಣ್ಣಿಮೆಗೆ ಬಂದ, ಕೈಲಾಗುವ ತನಕ ಬಂದ. ಬರುವಾಗಲೆಲ್ಲ ಎಲ್ಲ ಅಪ್ಪಂದಿರ ಹಾಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಬರುತ್ತಿದ್ದ. ತಾನು ತನ್ನ ಕೈಯಿಂದ ಮಾಡಿದ್ದನ್ನು ನನಗೆಂದು ಮತ್ತೆ ತರಲಿಲ್ಲ.