ತಂಗಿ ಗಾಡಿಗಿ ಒಡೆದ ಕಾಯಿ

ಮಾನ್ವಿಯಾಗ ಡೀಸೆಲ್ ಆಟೋ ರಿಪೇರಿ ಮಾಡೂದು ನನ್ನ ಕಸುಬು. ಇಂಜಿನ್ ಬಿಚ್ಚದ ದಿನ ನನಗ ಉಂಡಿದ್ದು ಮೈಗಿ ಹತ್ತೂದಿಲ್ಲ. ಹಂಗಾಗಿ ಕರೆಂಟಿನ ಗಾಡಿ ಅಂದ್ರ ಮೊದಲಿಂದ ನನಗ ಅಷ್ಟಕ್ಕಷ್ಟೇ. ಸಾಮಾನು ಚೀನಾದಿಂದ ಪೆಟ್ಟಿಗ್ಯಾಗ ಬರತದ, ರಾಯಚೂರಾಗ ಒಂದು ಶೆಡ್ಡಿನ್ಯಾಗ ಜೋಡಸ್ತಾರ, ಮ್ಯಾಲೆ ನಂದಿ ಚಿತ್ರ ಅಂಟಿಸಿ ನಮ್ಮ ದೇಶದ್ದು ಅಂತ ಮಾರತಾರ. ಏನು ಹೇಳೂದು ಇವರಿಗಿ.

ಅಂಥದ್ದೇ ಒಂದನ್ನ ನನ್ನ ತಂಗಿ ತಗೊಂಡಳು. ಆಕಿ ಊರೂರು ತಿರುಗಿ ಬಳಿ ಮಾರ್ತಾಳ. ಸಣ್ಣಾಕಿದ್ದಾಗ ಪೋಲಿಯೋ ಬಂದು ಬಲಗಾಲು ಸ್ವಾಧೀನ ಇಲ್ಲ. ಇಪ್ಪತ್ತು ವರ್ಷ ಆಕಿನ್ನ ಬೈಕಿನ ಹಿಂದ ಕುಂದ್ರಿಸಿಗೊಂಡು ನೀರಮಾನ್ವಿ, ಕಲ್ಲೂರು ಅಂತ ಬಿಟ್ಟು ಬರಾವನೂ ನಾನೇ, ಸಂಜಿಕ ಕರ್ಕೊಂಡು ಬರಾವನೂ ನಾನೇ. ಕೆಲಸದ ಗದ್ದಲದಾಗ ಒಮ್ಮೊಮ್ಮಿ ಮರತೇಬಿಡತಿದ್ದೆ. ಆಕಿ ಯಾರದರ ಮನಿ ಕಟ್ಟಿಮ್ಯಾಲ ಬಳಿ ಬುಟ್ಟಿ ಹಿಡ್ಕೊಂಡು ಕುಂತಿರ್ತಿದ್ದಳು.

ಈ ಗಾಡಿ ಮೂರು ಗಾಲಿದು. ಕಾಲಿಗಿ ಏನೂ ಕೆಲಸಿಲ್ಲ, ಎಲ್ಲಾ ಕೈಯಾಗೇ. ಹದಿನೈದು ದಿನದಾಗ ಆಕಿ ಒಬ್ಬಾಕಿನೇ ಕಲ್ಲೂರಿಗಿ ಹೋಗಿ ಬಂದಳು. ಬಂದಾಕಿ ಇಳೀಲೇ ಇಲ್ಲ, ಸುಮ್ಮನ ಅಂಗಳದಾಗ ಇನ್ನೊಂದು ಸುತ್ತು ಹೊಡದಳು. ನನಗ ಖುಷಿ ಆತು. ಹೊಟ್ಟಿಕಿಚ್ಚೂ ಸ್ವಲ್ಪ ಆತು, ಸುಳ್ಳು ಯಾಕ ಹೇಳಲಿ. ಇನ್ನ ನನ್ನ ಹಾದಿ ಕಾಯಾವರು ಯಾರೂ ಇಲ್ಲಲ್ಲ ಅನಿಸ್ತು.

ಅಷ್ಟರಾಗ ಅಮಾಸಿ ಬಂತು. ನಮ್ಮ ಕಡಿ ಅಮಾಸಿ ದಿನ ಗಾಡಿ ತೊಳದು, ವಿಭೂತಿ ಹಚ್ಚಿ, ಕಾಯಿ ಒಡದು ಆ ನೀರು ಹಾಕೂತನ ಯಾವ ಡ್ರೈವರನೂ ಕೀಲಿ ತಿರುವೂದಿಲ್ಲ. ಮಂದಿ ಗಾಲಿಗಿ ಹಾಕ್ತಾರ. ನಮ್ಮಪ್ಪ ಮಾತ್ರ, ಗಾಲಿಗಿ ಹಾಕಿದ್ರ ದೇವರ ಚಪ್ಪಲಿಗಿ ಕೈ ಮುಗದಂಗ, ಜೀವ ಇರೂದು ಇಂಜಿನ್ನಿನ್ಯಾಗ, ಅಲ್ಲೇ ಹಾಕು ಅಂತ ಹೇಳಿಕೊಟ್ಟಿದ್ದ. ಡೀಸೆಲ್ ಇಂಜಿನ್ನಿಗಿ ಒಂದು ಕೊಡ ಸುರುವಿದ್ರೂ ಏನೂ ಆಗೂದಿಲ್ಲ. ತಂಗಿ ಗಾಡ್ಯಾಗ ಇಂಜಿನ್ ಎಲ್ಲಿ ಹುಡುಕೂದು? ಆಕಿ ಜಳಕಕ್ಕ ಹೋದಾಗ ನಾನು ಸೀಟು ಬಿಚ್ಚಿದೆ. ಕೆಳಗ ಒಂದು ಕರೇ ಡಬ್ಬಿ, ಅದಕ್ಕ ಕಂಪನಿಯವರ ಮೊಹರು. ಮೊಹರು ಕಿತ್ತಿ ಮುಚ್ಚಳ ತೆಗದೆ. ಒಳಗ ಅಂಗೈಯಗಲದ ಬೋರ್ಡ್ ಕಂಡಿತು. ಇದೇ ಇದರ ಜೀವ ಅಂದ್ಕೊಂಡು, ಶಿವಾ ಆಕಿನ್ನ ಚಂದಾಗಿ ಇಡು ಅಂತ ಬೇಡಿ, ಕಾಯಿನೀರು ಅದರ ಮ್ಯಾಲೇ ಬಿಟ್ಟೆ. ಮುಚ್ಚಳ ಹಾಕಿ ಮೊದಲಿನಂಗ ಕುಂದ್ರಿಸಿದೆ.

ಮೂರನೇ ದಿನ ನೀರಮಾನ್ವಿ ದಾರ್ಯಾಗ ಉರಿ ಬಿಸಿಲಿನ್ಯಾಗ ಗಾಡಿ ನಿಂತ್ಕೊಂತು. ಟ್ರ್ಯಾಕ್ಟರಿಗಿ ಕಟ್ಟಿ ಎಳ್ಕೊಂಡು ಬಂದ್ವಿ. ಡಬ್ಬಿ ತೆಗದು ನೋಡಿದ್ರ ಬೋರ್ಡೆಲ್ಲ ಅಂಟಂಟು, ಅಲ್ಲಲ್ಲಿ ಹಸರು ಕಿಲುಬು. ಯಾರೂ ನೋಡದಂಗ ಪೆಟ್ರೋಲಿನ್ಯಾಗ ಅದ್ದಿದ ಅರಿವಿಲೆ ಒರಸಿಬಿಟ್ಟೆ.

ಗಾಡಿ ಟೆಂಪೋದಾಗ ಹೇರಿ, ಇಬ್ಬರೂ ಅದನ್ನ ಮಾರಿದ ರಾಯಚೂರಿನ ಅಂಗಡಿಗಿ ಹೋದ್ವಿ. ಅಂಗಡ್ಯಾವ ಬೋರ್ಡ್ ತಿರುವಿ ಮುರುವಿ ನೋಡಿದ. ಮೊಹರು ಯಾಕ ಕಿತ್ತದ ಅಂದ. ಗಾಡಿ ನಿಂತ ಮ್ಯಾಲೆ ನೋಡಾಕ ಕಿತ್ತೀನಿ ಅಂದೆ.

“ನೀರು ಹೋಗಿತ್ತೇನ್ರಿ? ಹೋಗಿದ್ರ ಹೇಳ್ರಿ, ಹೈದರಾಬಾದಿಗಿ ಕಳಸ್ತೀನಿ, ತೊಳದು ಸರಿ ಮಾಡ್ತಾರ. ಹೋಗಿಲ್ಲಂದ್ರ ಬೋರ್ಡೇ ಖರಾಬ್, ಚೀನಾದಿಂದ ಹೊಸಾದು ಬರಬೇಕು.”

ತಂಗಿ ಬಾಜೂಕೇ ಕುಂತಿದ್ದಳು. ಮೂವತ್ತು ವರ್ಷದ ಮೆಕ್ಯಾನಿಕ್ ನಾನು. ಆಕಿ ಮುಂದ ಹೆಂಗ ಬಾಯಿ ಬಿಡಲಿ?

“ಒಂದು ಹನಿ ಹೋಗಿಲ್ಲ,” ಅಂದೆ.

ಗಾಡಿ ಅಂಗಡ್ಯಾಗೇ ಬಿಟ್ಟು ಬಂದ್ವಿ. ಹೊಸ ಬೋರ್ಡ್ ಬರಲೇ ಇಲ್ಲ. ಹೋದಾಗೆಲ್ಲ ಅಂಗಡ್ಯಾವ ಫೋನಿನ್ಯಾಗ ಚೀನಾದ ವಿಡಿಯೋ ತೋರಸ್ತಿದ್ದ. ಬಂದರದ ತುಂಬ ಕಾರು, ಅವನ್ನ ನುಂಗಾಕ ನಿಂತ ಹಡಗು. ಅವರ ಊರಾಗ ಬಸ್ಸೂ ಕರೆಂಟಿಂದೇ ಅಂತ. ಕಂಪನಿಗೋಳು ಒಂದನ್ನೊಂದು ತುಳಕೊಂಡು ಬೆಳಿಯಾಕತ್ತಾವ, ಆರು ತಿಂಗಳಿಗೊಮ್ಮಿ ಮಾಡೆಲ್ ಬದಲಿ ಮಾಡ್ತಾರ, ನಿಮ್ಮ ಬೋರ್ಡ್ ಮಾಡಾವರು ಅದನ್ನ ಬಿಟ್ಟು ಕಾರಿನ ಕಡಿ ಹೋಗ್ಯಾರ ಅಂದ. ಜಗತ್ತಿಗೆಲ್ಲ ಹಡಗು ತುಂಬಿ ಕಳಸಾವರಿಗಿ ಒಂದು ಅಂಗೈಯಗಲದ ಬೋರ್ಡ್ ಕಳಸಾಕ ಏನು ಧಾಡಿ ಅಂತ ನಾನು ಕೂಗಾಡಿದೆ. ಬೈಯಾಕ ಭಾಳ ಹಗುರ ಅನಸ್ತಿತ್ತು.

ಮಾನ್ವಿಯ ಚಾದಂಗಡ್ಯಾಗೂ ಅದೇ ಬೈಗಳ. ಚೀನಾ ಮಾಲು ಇಷ್ಟೇ ಅಂತ ಎಲ್ಲಾರೂ ಹೌದೌದು ಅಂದ್ರು. ಕರೆಂಟಿನ ಗಾಡಿ ತಗೋಬೇಕಂದಿದ್ದ ಇಬ್ಬರು ಡ್ರೈವರು ಮನಸ್ಸು ಬದಲಿ ಮಾಡಿ, ಹಳೇ ಡೀಸೆಲ್ ಇಂಜಿನ್ ರಿಪೇರಿಗಿ ನನ್ನ ಕೈಗೇ ಕೊಟ್ಟು ಹೋದ್ರು. ನಾಚಿಕಿ ಬಿಟ್ಟು ಹೇಳ್ತೀನಿ, ಆ ಕೆಲಸ ಹಿಡದೆ.

ತಂಗಿ ಮತ್ತ ಬೈಕಿನ ಹಿಂದ ಬಂದಳು. ಮುಂಜಾನಿ ನೀರು ಕುಡಿಯೂದು ಬಿಟ್ಟಳು. ನನ್ನ ಹೆಂಡ್ತಿ ಯಾಕಬೇ ಅಂತ ಕೇಳಿದ್ದಕ್ಕ, ಪರರ ಕಟ್ಟಿಮ್ಯಾಲ ಕುಂತಾಗ ಒಂದಕ್ಕ ಬಂದ್ರ ಎತ್ತಾಕ ಯಾರನ್ನ ಕರೀಲಿ, ಗಾಡಿ ಇದ್ದಾಗ ಮನಿಗಿ ಬಂದ್ಬಿಡತಿದ್ದೆ ಅಂದಳಂತ. ಇದು ಕಿವಿಗಿ ಬಿದ್ದ ಮ್ಯಾಲೂ ನಾನು ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕ.

ಹತ್ತು ತಿಂಗಳು ಹಿಂಗೇ ಹೋದ್ವು. ದೇವದುರ್ಗದ ಕಡಿ ಜಾಲಹಳ್ಳಿಯಾಗ ಬೀಗರ ಮನಿ ತೊಟ್ಟಿಲ ಕಾರ್ಯ ಇತ್ತು, ಆಕಿನ್ನ ಕರ್ಕೊಂಡು ಹೋದೆ. ಬಸ್ ಸ್ಟ್ಯಾಂಡ್ ಬಾಜೂಕ ಅಂಥದ್ದೇ ಗಾಡಿ ನಿಂತಿತ್ತು. ತಂಗಿ ಅದರ ಮಾಲಕನ್ನ ಮಾತಾಡಿಸಿದಳು. ಮಳಿಗಾಲದಾಗ ಅವನ ಗಾಡಿ ಹಳ್ಳದಾಗ ಬಿದ್ದಿತ್ತಂತ, ಹೈದರಾಬಾದಿಗಿ ಕಳಸಿದ್ರ ಎಂಟು ದಿನದಾಗ ಸರಿ ಆತಂತ. ಈ ಬೋರ್ಡಿಗಿ ನೀರು ಬಿಟ್ರ ಬ್ಯಾರೆ ರೋಗ ಇಲ್ಲ ನೋಡವ್ವಾ ಅಂದ. ತಂಗಿ ನನ್ನ ಮಾರಿ ನೋಡಿದಳು. ನಾನು ಬಸ್ಸಿನ ಕಡಿ ನೋಡಿದೆ.

ಮನಿಗಿ ಬಂದ ಮ್ಯಾಲೆ ಆಕಿನೇ ಕೇಳಿದಳು, ಎಲ್ಲಾ ಹೇಳಿದೆ. ಅಮಾಸಿ, ಕಾಯಿ, ಪೆಟ್ರೋಲಿನ ಅರಿವಿ. ನಿನ್ನ ಸಲುವಾಗೇ ಬೇಡ್ಕೊಂಡು ಹಾಕಿದ್ದೆ ಅಂತ ಅತ್ತೆ.

ಆಕಿ ಅಳಲಿಲ್ಲ.

“ನೀರು ಹಾಕಿದ್ದಕ್ಕ ಸಿಟ್ಟಿಲ್ಲಣ್ಣಾ. ಎಂಟು ದಿನದ ಕೆಲಸಕ್ಕ ಹತ್ತು ತಿಂಗಳು ನನ್ನ ಕಟ್ಟಿಮ್ಯಾಲ ಕುಂದ್ರಿಸಿದಿ. ಚೀನಾದವರು ನನಗೇನು ಮಾಡಿದ್ರು?”

ಬೋರ್ಡ್ ಹೈದರಾಬಾದಿಗಿ ಹೋತು. ಒಂಬತ್ತನೇ ದಿನ ಗಾಡಿ ಚಾಲೂ ಆತು. ರಾಯಚೂರಿಂದ ಅದನ್ನ ತರಾಕ ಆಕಿ ನನ್ನ ಕರೀಲಿಲ್ಲ, ಬಸ್ ಹತ್ತೂವಾಗ ಯಾರ್ಯಾರದೋ ಕೈ ಹಿಡ್ಕೊಂಡು ಒಬ್ಬಾಕಿನೇ ಹೋದಳು. ಈಗ ದಿನಾ ಮುಂಜಾನಿ ನನ್ನ ಅಂಗಡಿ ಮುಂದಿಂದೇ ಕಲ್ಲೂರಿಗಿ ಹೋಗ್ತಾಳ. ಹಾರ್ನ್ ಹೊಡಿಯೂದಿಲ್ಲ. ಸಪ್ಪಳಿಲ್ಲದ ಗಾಡಿ ಅದು, ದಾಟಿ ಹೋದ ಮ್ಯಾಲೇ ನನಗ ಗೊತ್ತಾಗತದ.